ಪೆಟ್ಟಿಗೆ ಸೈಕಲ್ಲು

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ, ಆಂಟ್ವರ್ಪಿನಲ್ಲಿ,
ಬಾಡಿಗೆ ಸೈಕಲ್ಲುಗಳ ಸಾಲಿನ ಮುಂದೆ
ನನ್ನ ಗಂಡ ಎಕ್‌ಹಾರ್ಟ್ ಮೊಣಕಾಲು ಹಿಡಿದುಕೊಂಡ.
'ಯಾಕೋ ನೋಯ್ತಿದೆ. ನೀವು ಹೋಗಿಬನ್ನಿ.
ನಾನಿಲ್ಲೇ ಕಾಫಿ ಕುಡೀತಿರ್ತೀನಿ.'

ಹದಿನೇಳು ವರ್ಷ ಸಂಸಾರ ಮಾಡಿದವಳು ನಾನು.
ಅವನು ಹಿಡಿದದ್ದು ಎಡ ಮೊಣಕಾಲು.
ನೋಯುವುದು ಬಲದ್ದು.

ನಮ್ಮೂರು ವುಪರ್ಟಾಲ್. ಬರೀ ಏರು, ಬರೀ ಇಳಿಜಾರು.
ಬೀದಿಗಳು ಸುಸ್ತಾಗಿ ಮೆಟ್ಟಿಲಾಗಿಬಿಡುತ್ತವೆ;
ರೈಲು ಕೂಡ ನೆಲದ ಸಹವಾಸವೇ ಬೇಡವೆಂದು
ಹೊಳೆಯ ಮೇಲೆ ಬಾವಲಿಯ ಹಾಗೆ ನೇತಾಡುತ್ತ ಓಡುತ್ತದೆ.
ಅಲ್ಲಿ ಯಾರೂ ಕೇಳುವುದಿಲ್ಲ, ಸೈಕಲ್ ಬರುತ್ತಾ ಎಂದು.
ಮದುವೆಗೆ ಮುಂಚೆ ನಾನು ಏನೇನೋ ಕೇಳಿದ್ದೆ:
ಗೊರಕೆ, ಸಾಲ, ಹಿಂದಿನ ಹುಡುಗಿ.
ಇದೊಂದು ಬಿಟ್ಟುಹೋಗಿತ್ತು.

ಗೈಡ್ ಲೀವನ್, ಗೇಣುದ್ದ ಗಡ್ಡದವನು,
ಹೆಲ್ಮೆಟ್ಟುಗಳನ್ನು ಕಲ್ಲಂಗಡಿಯಂತೆ ತಟ್ಟಿ ನೋಡಿ ಹಂಚುತ್ತಿದ್ದ.
ತನ್ನ ಸರದಿ ಬಂದಾಗ ಎಕ್‌ಹಾರ್ಟ್
ನೆಲಕ್ಕೆ ಹೇಳಿದ: 'ನಂಗೆ ಬರಲ್ಲ. ಕಲ್ತೇ ಇಲ್ಲ.'

ಆರು ವರ್ಷದ ಯೊಂಟೆ ಹೊಟ್ಟೆ ಹಿಡಿದುಕೊಂಡು ನಕ್ಕ.
ಹದಿನಾಲ್ಕರ ವೀಪ್ಕೆ ನಗಲಿಲ್ಲ.
ಅವಳು ಅಪ್ಪನ ಜೊತೆ ಮಾತು ಬಿಟ್ಟು ಐದು ವಾರ.
ಕೂದಲಿನಿಂದ ಶುರುವಾದದ್ದು,
ಕೂದಲಿಗೆ ಸಂಬಂಧವೇ ಇಲ್ಲದ ಕಡೆ ಹೋಗಿ ನಿಂತಿತ್ತು.

ಮೂಲೆಯಲ್ಲೊಂದು ಪೆಟ್ಟಿಗೆ ಸೈಕಲ್ಲು.
ಮುಂದೆ ಮರದ ಡಬ್ಬ; ಮಕ್ಕಳು, ನಾಯಿ, ಆಲೂಗಡ್ಡೆ ಮೂಟೆ
ಹೊತ್ತು ಹೊತ್ತು ಅಂಚು ಸವೆದದ್ದು.
'ಎಷ್ಟು ತೂಕ ತಡೆಯುತ್ತೆ?' ವೀಪ್ಕೆ ಕೇಳಿದಳು.
'ನೂರು ಕಿಲೋ.'
ಅಪ್ಪನನ್ನು ಅಡಿಯಿಂದ ಮುಡಿವರೆಗೆ ಅಳೆದಳು.
'ಹತ್ತಿ ಕೂತ್ಕೋ,' ಅಂದಳು.

ಗದ್ದಕ್ಕೆ ಮೊಣಕಾಲು ತಾಗಿಸಿಕೊಂಡು ಕೂತ.
ಒಂದು ಗೋಪುರ ಮುಗಿದು ಇನ್ನೊಂದು ಅರ್ಧಕ್ಕೇ ನಿಂತ
ಚರ್ಚಿನ ಕತೆ ಲೀವನ್ ಹೇಳುತ್ತಿದ್ದರೆ
ಕಲ್ಲುಹಾಸಿನ ಬೀದಿಯಲ್ಲಿ ನನ್ನ ಗಂಡನ ಮಾತು
ಅಕ್ಷರ ಅಕ್ಷರವಾಗಿ ಉದುರುತ್ತಿತ್ತು: ನಿ, ಧಾ, ನ.
ಮೀನಂಗಡಿಯ ಹೆಂಗಸು ಸೀಟಿ ಹೊಡೆದಳು.
ಅವನು ರಾಜನ ಹಾಗೆ ಕೈ ಬೀಸಿಬಿಟ್ಟ.

ಆಮೇಲೆ ಸುರಂಗ.
ದೊಡ್ಡ ಲಿಫ್ಟು ನಮ್ಮನ್ನೆಲ್ಲ ಸೈಕಲ್ ಸಮೇತ ಕೆಳಗಿಳಿಸಿತು,
ಸ್ಕೆಲ್ಡ ನದಿಯ ಅಡಿಗೆ.
ಬಿಳಿ ಹೆಂಚು, ತಣ್ಣನೆ ಗಾಳಿ, ಕೊನೆ ಕಾಣದ ನೇರ.
ನೆತ್ತಿಯ ಮೇಲೆ ಹಡಗು ಹೋಗುತ್ತಿರಬಹುದು ಎಂದು
ಯೊಂಟೆ ತಲೆ ತಗ್ಗಿಸಿಕೊಂಡೇ ತುಳಿದ.
ಮುಂದೆ ಅವರಿಬ್ಬರು. ದನಿ ಗೋಡೆ ಹಿಡಿದು ನನ್ನತನಕ ಬಂತು.

'ಯಾಕೆ ಕಲೀಲಿಲ್ಲ?'

'ನಮ್ಮಪ್ಪ ಹಿಂದೆ ಹಿಡ್ಕೊಂಡಿರ್ತೀನಿ ಅಂದಿದ್ದ.
ಬಿಟ್ಟ. ಬಿಡೋದೇ ಕಲಿಸೋ ಕ್ರಮ ಅಂತೆ.
ನಾನು ತಿರುಗಿ ನೋಡಿದೆ. ಅವನು ಆಗಲೇ ಸಿಗರೇಟ್ ಹಚ್ತಿದ್ದ.'

ಎದುರಿನಿಂದ ಯಾರೋ ಗಂಟೆ ಬಾರಿಸಿದರು.
ಅವಳೇನಂದಳೋ, ಆ ಗಂಟೆಯೊಳಗೆ ಹೋಯಿತು.

ಆಚೆ ದಡದಲ್ಲಿ ಹುಲ್ಲು, ಬಿಸಿಲು,
ಬಂದ ಊರು ನೀರಿನಾಚೆ ಚಿತ್ರದಂತೆ ನಿಂತಿತ್ತು.
ಲೀವನ್ ಹದಿನೈದು ನಿಮಿಷ ಬಿಡುವು ಕೊಟ್ಟ.
ವೀಪ್ಕೆ ನನ್ನ ಸೈಕಲ್ಲಿನ ಸೀಟು ಇಳಿಸಿದಳು,
ಹಿಂದಿನ ಕ್ಯಾರಿಯರ್ ಹಿಡಿದಳು.
'ಬಿಡಲ್ಲ,' ಅಂದಳು.
'ನಿಜವಾಗ್ಲೂ?'
'ತುಳಿ, ಅಪ್ಪ.'

ಎಂಟು ಮಾರು ಹೋದರು. ಒಂಬತ್ತು.
ಹ್ಯಾಂಡಲ್ಲು ಬಾತುಕೋಳಿಗಳ ಕಡೆ ವಾಲಿತು.
ಅವಳು ಬಿಡಲಿಲ್ಲ.
ಅದಕ್ಕೇ ಇಬ್ಬರೂ ಬಿದ್ದರು.

ನಾನು ಎದ್ದು ಓಡಲಿಲ್ಲ. ಐಸ್‌ಕ್ರೀಂ ಕರಗುತ್ತಿತ್ತು.

ಭಾನುವಾರ ಮಳೆ.
ವಸ್ತುಸಂಗ್ರಹಾಲಯದ ಉದ್ದ ಸಾಲಿನಲ್ಲಿ
ಅಪ್ಪ ಮಗಳು ಮತ್ತೆ ಜಗಳ,
ಕೊಡೆ ಹೋಟೆಲಲ್ಲಿ ಮರೆತವರು ಯಾರೆಂದು.
ನಾನೂ ಯೊಂಟೆಯೂ ಒಂದೇ ಪೊಟ್ಟಣದಿಂದ
ಬಿಸಿ ಆಲೂ ಫ್ರೈ ತಿನ್ನುತ್ತ ಕೇಳುತ್ತ ನಿಂತೆವು.
ಜೋರಾಗಿತ್ತು. ಚೆನ್ನಾಗಿತ್ತು.
ಕೊಡೆ ನನ್ನ ಚೀಲದಲ್ಲೇ ಇತ್ತು.